ಅಮೆರಿಕದ ರಾಜಧಾನಿ ಮೊದಲ 26 ವರ್ಷ ಊರೂರು ಅಲೆದದ್ದು ಯಾಕೆ?

ನದಿದಂಡೆ:
ಎಲ್ಲರಿಗೂ ನಮಸ್ಕಾರ. ನಾನು ನ್ಯೂಜೆರ್ಸಿಯಲ್ಲಿದ್ದೇನೆ, ಊರು ಅರಸೀಕೆರೆ ಕಡೆ. ಅಪ್ಪ ಅಮ್ಮ ಮೂರು ತಿಂಗಳ ಮಟ್ಟಿಗೆ ಬಂದಿದ್ದಾರೆ. ಹೋದ ಭಾನುವಾರ ಅವರನ್ನು ಪ್ರಿನ್ಸ್‌ಟನ್‌ಗೆ ಕರೆದುಕೊಂಡು ಹೋಗಿದ್ದೆ. ಯೂನಿವರ್ಸಿಟಿ ಒಳಗೆ ನಸಾವ್ ಹಾಲ್ ಅಂತ ಒಂದು ಹಳೇ ಕಲ್ಲಿನ ಕಟ್ಟಡ ಇದೆ. ಗೋಡೆ ಮೇಲೆ ಹಸಿರು ಬಳ್ಳಿ ಹಬ್ಬಿದೆ, ಮೆಟ್ಟಿಲ ಎರಡೂ ಕಡೆ ಕಂಚಿನ ಹುಲಿಗಳು ಕೂತಿವೆ. 1783ರಲ್ಲಿ ನಾಲ್ಕು ತಿಂಗಳು ಈ ದೇಶದ ಸರ್ಕಾರ ಇಲ್ಲೇ ಕೂತಿತ್ತು ಅಂತ ಅಪ್ಪನಿಗೆ ಹೇಳಿದೆ.

ಅಪ್ಪ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿದವರು. ಸುಲಭಕ್ಕೆ ಒಪ್ಪಲಿಲ್ಲ. "ರಾಜಧಾನಿ ಅಂದಮೇಲೆ ಖಜಾನೆ ಇರಬೇಕು, ಕಾವಲು ಇರಬೇಕು. ಅದನ್ನೆಲ್ಲ ಕಾಲೇಜಿನಲ್ಲಿ ಹೇಗೆ ಇಟ್ಟುಕೊಂಡರು?" ಅಂತ ಕೇಳಿದರು. ನನಗೆ ಸರಿಯಾಗಿ ಹೇಳೋಕೆ ಬರಲಿಲ್ಲ. ವಾಷಿಂಗ್ಟನ್‌ಗೆ ಮುಂಚೆ ಫಿಲಡೆಲ್ಫಿಯಾ, ನ್ಯೂಯಾರ್ಕ್ ರಾಜಧಾನಿ ಆಗಿದ್ದವು ಅಂತ ಗೊತ್ತು. ಉಳಿದದ್ದು ಯಾವುದು? ಯಾಕೆ ಇಷ್ಟು ಸಲ ಬದಲಾಯಿತು? ತಿಳಿದವರು ಸ್ವಲ್ಪ ವಿವರವಾಗಿ ಬರೆಯುತ್ತೀರಾ? ಅಪ್ಪನಿಗೆ ಓದಿ ಹೇಳಬೇಕು.

ಹಳೇನಕ್ಷೆ:
ನಿಮ್ಮ ತಂದೆಯವರ ಪ್ರಶ್ನೆಯಲ್ಲೇ ಉತ್ತರ ಇದೆ. ಆ ಸರ್ಕಾರಕ್ಕೆ ಖಜಾನೆಯೂ ಇರಲಿಲ್ಲ, ಕಾವಲೂ ಇರಲಿಲ್ಲ. ಅದಕ್ಕೇ ಅಲೆಯಬೇಕಾಯಿತು. ಮೊದಲಿಂದ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಆಗ ಅಧ್ಯಕ್ಷರು, ಸುಪ್ರೀಂ ಕೋರ್ಟು ಏನೂ ಇರಲಿಲ್ಲ. ಇದ್ದದ್ದು ಕಾಂಗ್ರೆಸ್ ಎಂಬ ಒಂದು ಸಭೆ ಮಾತ್ರ. ಒಂದೊಂದು ವಸಾಹತಿನಿಂದ ಕೆಲವು ಪ್ರತಿನಿಧಿಗಳು ಬಂದು ಕೂರುತ್ತಿದ್ದರು. ಮೊದಲ ಸಲ ಸೇರಿದ್ದು 1774ರ ಸೆಪ್ಟೆಂಬರ್ 5ಕ್ಕೆ, ಫಿಲಡೆಲ್ಫಿಯಾದ ಕಾರ್ಪೆಂಟರ್ಸ್ ಹಾಲ್‌ನಲ್ಲಿ. ಅದು ಬಡಗಿಗಳು ತಮ್ಮ ಸಂಘಕ್ಕೆ ಕಟ್ಟಿಕೊಂಡಿದ್ದ ಕಟ್ಟಡ. 1775ರ ಮೇ ತಿಂಗಳಿಂದ ಪೆನ್ಸಿಲ್ವೇನಿಯಾದ ಸ್ಟೇಟ್ ಹೌಸ್‌ನಲ್ಲಿ ಕೂತರು. ಈಗ ನಾವು ಇಂಡಿಪೆಂಡೆನ್ಸ್ ಹಾಲ್ ಅನ್ನೋದು ಅದನ್ನೇ. ಒಂದು ವಿಷಯ ಗಮನಿಸಿ. ಎರಡೂ ಕಟ್ಟಡ ಅವರದ್ದಲ್ಲ. ಊರೂ ಅವರದ್ದಲ್ಲ. ಮೊದಲ ದಿನದಿಂದಲೇ ಬೇರೆಯವರ ಮನೆಯಲ್ಲಿ ಇದ್ದರು.

ಆಗ ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯದ ಯುದ್ಧ ನಡೆಯುತ್ತಿತ್ತು. 1776ರ ಡಿಸೆಂಬರ್ ಬರುವಷ್ಟರಲ್ಲಿ ಸೇನಾಪತಿ ಜಾರ್ಜ್ ವಾಷಿಂಗ್ಟನ್ ಸೈನ್ಯ ನ್ಯೂಜೆರ್ಸಿ ಉದ್ದಕ್ಕೂ ಹಿಂದೆ ಸರಿಯುತ್ತಿತ್ತು. ಬ್ರಿಟಿಷರು ಡೆಲವೇರ್ ನದಿ ದಾಟಿದರೆ ಫಿಲಡೆಲ್ಫಿಯಾ ಅವರ ಕೈಗೆ ಹೋಗುತ್ತಿತ್ತು. ಕಾಂಗ್ರೆಸ್ ಬಾಲ್ಟಿಮೋರ್‌ಗೆ ಓಡಿತು. ಅಲ್ಲಿ ಹೆನ್ರಿ ಫೈಟ್ ಅನ್ನುವವನ ಮನೆ ಬಾಡಿಗೆಗೆ ಹಿಡಿದರು. ಮೂರು ಅಂತಸ್ತಿನ ಇಟ್ಟಿಗೆ ಕಟ್ಟಡ. ಆ ಚಳಿಗಾಲ ಬಾಲ್ಟಿಮೋರ್ ಬೀದಿಯ ಕೆಸರನ್ನು ಬೈದು ಪತ್ರ ಬರೆದವರು ಸುಮಾರು ಜನ. 1777ರ ಮಾರ್ಚಿಗೆ ವಾಪಸ್ ಫಿಲಡೆಲ್ಫಿಯಾ.

ಆರು ತಿಂಗಳಿಗೆ ಮತ್ತೆ ಓಟ. 1777ರ ಸೆಪ್ಟೆಂಬರಿನಲ್ಲಿ ಬ್ರಾಂಡಿವೈನ್ ಯುದ್ಧ ಸೋತ ಮೇಲೆ ದಾರಿ ಖಾಲಿ ಆಗಿಹೋಯಿತು. ಅಲೆಕ್ಸಾಂಡರ್ ಹ್ಯಾಮಿಲ್ಟನ್ ಆಗ ವಾಷಿಂಗ್ಟನ್‌ಗೆ ಸಹಾಯಕನಾಗಿದ್ದ ಹುಡುಗ. ಶತ್ರು ಯಾವ ಗಳಿಗೆಯಲ್ಲಾದರೂ ಬರಬಹುದು, ತಕ್ಷಣ ಹೊರಡಿ ಅಂತ ಅವನಿಂದ ಪತ್ರ ಬಂತು. ನಡುರಾತ್ರಿ ಒಬ್ಬರನ್ನೊಬ್ಬರು ಎಬ್ಬಿಸಿಕೊಂಡು ಹೊರಟರು. ಊರಿನ ಗಂಟೆಗಳನ್ನೆಲ್ಲ ಗಾಡಿಗೆ ಹೇರಿ ಸಾಗಿಸಿದರು, ಬ್ರಿಟಿಷರಿಗೆ ಸಿಕ್ಕರೆ ಕರಗಿಸಿ ಫಿರಂಗಿ ಮಾಡಿಬಿಡುತ್ತಾರೆ ಅಂತ. ಈಗ ಜನ ಸಾಲುನಿಂತು ನೋಡುವ ಲಿಬರ್ಟಿ ಬೆಲ್ ಆಗ ಅಲೆನ್‌ಟೌನ್‌ನ ಒಂದು ಚರ್ಚಿನಲ್ಲಿ ಅಡಗಿ ಕೂತಿತ್ತು.

ಕಾಂಗ್ರೆಸ್ ಸೆಪ್ಟೆಂಬರ್ 27ಕ್ಕೆ ಲ್ಯಾಂಕಾಸ್ಟರ್‌ನ ಕೋರ್ಟಿನ ಕಟ್ಟಡದಲ್ಲಿ ಸೇರಿತು. ಒಂದೇ ದಿನ. ಅಲ್ಲೂ ಭಯ ಹೋಗಲಿಲ್ಲ. ಸಸ್ಕ್ವೆಹಾನಾ ನದಿ ಅಡ್ಡ ಇದ್ದರೆ ಒಳ್ಳೆಯದು ಅಂತ ನದಿ ದಾಟಿ ಯಾರ್ಕ್ ಎಂಬ ಸಣ್ಣ ಊರಿಗೆ ಹೋದರು. ಇದು ನ್ಯೂಯಾರ್ಕ್ ಅಲ್ಲ, ಪೆನ್ಸಿಲ್ವೇನಿಯಾದ ಯಾರ್ಕ್. ಅಲ್ಲಿ ಒಂಬತ್ತು ತಿಂಗಳು ಇದ್ದರು. ದೇಶದ ಮೊದಲ ಸಂವಿಧಾನ ಅನ್ನಬಹುದಾದ ಒಕ್ಕೂಟದ ಕರಾರಿಗೆ 1777ರ ನವೆಂಬರ್ 15ರಂದು ಒಪ್ಪಿಗೆ ಕೊಟ್ಟದ್ದು ಅಲ್ಲೇ. ಫ್ರಾನ್ಸ್ ಜೊತೆಗಿನ ಒಪ್ಪಂದಕ್ಕೆ 1778ರ ಮೇ 4ರಂದು ಮುದ್ರೆ ಹಾಕಿದ್ದೂ ಅಲ್ಲೇ. ಇಷ್ಟು ದೊಡ್ಡ ಕೆಲಸ ನಡೆದ ಊರಿನ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು ಹೇಳಿ?

ಈ ಓಡಾಟದಲ್ಲೆಲ್ಲ ಬದಲಾಗದೆ ಇದ್ದವನು ಒಬ್ಬ. ಕಾಂಗ್ರೆಸ್ಸಿನ ಕಾರ್ಯದರ್ಶಿ ಚಾರ್ಲ್ಸ್ ಥಾಮ್ಸನ್. 1774ರಿಂದ 1789ರವರೆಗೆ, ಹದಿನೈದು ವರ್ಷ. ಸದಸ್ಯರು ಬಂದರು, ಹೋದರು, ಅಧ್ಯಕ್ಷತೆ ವಹಿಸಿದವರು ಬದಲಾದರು. ನಡಾವಳಿ ಪುಸ್ತಕ, ಪತ್ರಗಳು, ಮೊಹರು ಎಲ್ಲ ಇವನ ಕೈಯಲ್ಲಿ. ನಿಮ್ಮ ತಂದೆಗೆ ಹೀಗೆ ಹೇಳಿ. ಥಾಮ್ಸನ್ ಕಾಗದಪತ್ರದ ಪೆಟ್ಟಿಗೆ ಇಳಿಸಿದ ಊರೇ ಆಗ ರಾಜಧಾನಿ.

ಬೆಟ್ಟದಹೂ:
ಲ್ಯಾಂಕಾಸ್ಟರ್ ಬಗ್ಗೆ ನನ್ನ ತಕರಾರಿದೆ. ಒಂದು ದಿನ ಕೂತು ಎದ್ದುಹೋದರೆ ಅದನ್ನು ರಾಜಧಾನಿ ಅನ್ನಬಹುದಾ? ದಾರಿಯಲ್ಲಿ ತಂಗಿದ ಹಾಗೆ ಅಷ್ಟೇ ಅಲ್ವಾ?

ಹಳೇನಕ್ಷೆ:
ನ್ಯಾಯವಾದ ಪ್ರಶ್ನೆ ಮೇಡಂ. ಎಣಿಕೆ ಬೇರೆ ಬೇರೆ ಬರೋದು ಇದಕ್ಕೇ. ಕಾಂಗ್ರೆಸ್ ಕೂತ ಊರನ್ನೆಲ್ಲ ಎಣಿಸಿದರೆ ಫಿಲಡೆಲ್ಫಿಯಾ, ಬಾಲ್ಟಿಮೋರ್, ಲ್ಯಾಂಕಾಸ್ಟರ್, ಯಾರ್ಕ್, ಪ್ರಿನ್ಸ್‌ಟನ್, ಅನ್ನಾಪೊಲಿಸ್, ಟ್ರೆಂಟನ್, ನ್ಯೂಯಾರ್ಕ್, ಕೊನೆಗೆ ವಾಷಿಂಗ್ಟನ್. ಒಟ್ಟು ಒಂಬತ್ತು. ಒಕ್ಕೂಟದ ಕರಾರು ಜಾರಿಗೆ ಬಂದ 1781ರ ಮಾರ್ಚ್ 1ರಿಂದ ಮಾತ್ರ ದೇಶ ಅನ್ನೋದಾದರೆ ಬಾಲ್ಟಿಮೋರ್, ಲ್ಯಾಂಕಾಸ್ಟರ್, ಯಾರ್ಕ್ ಮೂರೂ ಬಿಟ್ಟುಹೋಗುತ್ತವೆ. ಈಗಿನ ಸಂವಿಧಾನ ಬಂದ 1789ರಿಂದ ಎಣಿಸಿದರೆ ನ್ಯೂಯಾರ್ಕ್, ಫಿಲಡೆಲ್ಫಿಯಾ, ವಾಷಿಂಗ್ಟನ್, ಮೂರೇ.

ನಾನು ಒಂಬತ್ತರ ಕಡೆ. ಆ ಶನಿವಾರ ಬ್ರಿಟಿಷರು ಫಿಲಡೆಲ್ಫಿಯಾ ಹಿಡಿದು ಒಂದು ದಿನ ಆಗಿತ್ತು. ದೇಶದ ಪರವಾಗಿ ತೀರ್ಮಾನ ತೆಗೆದುಕೊಳ್ಳುವ ಸಭೆ ಭೂಮಿ ಮೇಲೆ ಇನ್ನೆಲ್ಲೂ ಇರಲಿಲ್ಲ, ಲ್ಯಾಂಕಾಸ್ಟರ್‌ನ ಆ ಕೋಣೆಯಲ್ಲಿ ಬಿಟ್ಟರೆ.

ಬೆಟ್ಟದಹೂ:
ಸರಿ, ಒಪ್ಪಿದೆ.

ತುಂಗೆತೀರ:
ಯುದ್ಧದಲ್ಲಿ ಓಡಿದ್ದು ಅರ್ಥ ಆಗುತ್ತದೆ ಸರ್. ಆದರೆ ಪ್ರಿನ್ಸ್‌ಟನ್‌ಗೆ ಹೋದದ್ದು 1783ರಲ್ಲಿ. ಅಷ್ಟೊತ್ತಿಗೆ ಯುದ್ಧ ಗೆದ್ದಾಗಿತ್ತಲ್ಲ? ಯಾರಿಗೆ ಹೆದರಿದರು?

ಹಳೇನಕ್ಷೆ:
ತಮ್ಮದೇ ಸೈನಿಕರಿಗೆ.

1778ರ ಜುಲೈಯಿಂದ ಕಾಂಗ್ರೆಸ್ ಮತ್ತೆ ಫಿಲಡೆಲ್ಫಿಯಾದಲ್ಲಿತ್ತು. ಬ್ರಿಟಿಷರು ಸ್ಟೇಟ್ ಹೌಸನ್ನು ಎಷ್ಟು ಹೊಲಸು ಮಾಡಿಟ್ಟು ಹೋಗಿದ್ದರು ಅಂದರೆ ಮೊದಲು ಕೆಲ ದಿನ ಕಾಲೇಜಿನ ಹಾಲ್‌ನಲ್ಲಿ ಸೇರಬೇಕಾಯಿತು. ಆಮೇಲೆ ಐದು ವರ್ಷ ನೆಮ್ಮದಿ. ಯುದ್ಧ ಮುಗಿಯಿತು. ಸೈನಿಕರನ್ನು ಮನೆಗೆ ಕಳಿಸೋಕೆ ಶುರುಮಾಡಿದರು. ಆದರೆ ಸಂಬಳ ಕೊಡಲಿಲ್ಲ. ಕೊಡೋಕೆ ದುಡ್ಡೇ ಇರಲಿಲ್ಲ. ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರ ಇರಲಿಲ್ಲ. ರಾಜ್ಯಗಳನ್ನು ಕೇಳಬೇಕು, ಅವು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

1783ರ ಜೂನ್‌ನಲ್ಲಿ ಸುಮಾರು 80 ಸೈನಿಕರು ಲ್ಯಾಂಕಾಸ್ಟರ್‌ನಿಂದ ಫಿಲಡೆಲ್ಫಿಯಾಗೆ ನಡೆದುಕೊಂಡು ಬಂದರು. ಅಲ್ಲಿನ ಬ್ಯಾರಕ್ಕಿನವರೂ ಸೇರಿಕೊಂಡರು. ಜೂನ್ 21, ಶನಿವಾರ ಮಧ್ಯಾಹ್ನ, ನೂರಾರು ಜನ ಬಂದೂಕಿಗೆ ಬಯೊನೆಟ್ ಸಿಕ್ಕಿಸಿಕೊಂಡು ಸ್ಟೇಟ್ ಹೌಸ್ ಸುತ್ತ ನಿಂತರು. ಅವರ ಬೇಡಿಕೆ ಇದ್ದದ್ದು ಪೆನ್ಸಿಲ್ವೇನಿಯಾ ರಾಜ್ಯದ ಆಡಳಿತ ಮಂಡಳಿಗೆ. ಅದು ಅದೇ ಕಟ್ಟಡದ ಮಹಡಿಯಲ್ಲಿ ಸೇರುತ್ತಿತ್ತು. ಕೆಳಗೆ ಕಾಂಗ್ರೆಸ್ ಸಿಕ್ಕಿಹಾಕಿಕೊಂಡಿತು. ಜೂನ್ ತಿಂಗಳ ಸೆಕೆ. ಪಕ್ಕದ ಹೆಂಡದಂಗಡಿಗಳಿಂದ ಸೈನಿಕರಿಗೆ ಕುಡಿಯೋಕೆ ಬರುತ್ತಿತ್ತು. ಕಿಟಕಿಯಿಂದ ನೋಡಿದರೆ ಬರೀ ಬಂದೂಕಿನ ತುದಿ.

ಆಗ ಪೆನ್ಸಿಲ್ವೇನಿಯಾ ಮಂಡಳಿಗೆ ಜಾನ್ ಡಿಕಿನ್ಸನ್ ಅಧ್ಯಕ್ಷ. ನಿಮ್ಮ ರಾಜ್ಯದ ಪಡೆ ಕರೆಸಿ ಅಂತ ಕಾಂಗ್ರೆಸ್ ಕೇಳಿತು. ಅವನು ಕರೆಸಲಿಲ್ಲ. ಜನರ ಮೇಲೆ ಕೈ ಮಾಡದವರ ವಿರುದ್ಧ ಪಡೆ ಬರುವುದಿಲ್ಲ ಅನ್ನೋದು ಅವನ ಲೆಕ್ಕ. ಸಂಜೆಗೆ ಸದಸ್ಯರು ಸೈನಿಕರ ನಡುವೆಯೇ ನಡೆದು ಹೊರಗೆ ಬಂದರು. ಯಾರಿಗೂ ಏಟು ಬೀಳಲಿಲ್ಲ. ಬೈಗುಳ ಕೇಳಿಸಿಕೊಂಡರು ಅಷ್ಟೇ. ಆದರೆ ಒಂದು ದೇಶದ ಸರ್ಕಾರ ತನ್ನ ರಕ್ಷಣೆಗೆ ಇನ್ನೊಬ್ಬರ ಬಾಗಿಲು ತಟ್ಟಿ, ಅವರು ಆಗಲ್ಲ ಅಂದುಬಿಟ್ಟರು. ಆ ಅವಮಾನ ಅವರಿಗೆ ಮರೆಯಲಿಲ್ಲ. ಮೂರು ದಿನಕ್ಕೆ ಕಾಂಗ್ರೆಸ್ ಅಧ್ಯಕ್ಷ ಎಲಿಯಾಸ್ ಬೌಡಿನಾಟ್, ಪ್ರಿನ್ಸ್‌ಟನ್‌ನಲ್ಲಿ ಸೇರೋಣ ಅಂತ ಪ್ರಕಟಣೆ ಹೊರಡಿಸಿದ. ಅವನು ನ್ಯೂಜೆರ್ಸಿಯವನು, ಅಕ್ಕನ ಮನೆ ಅಲ್ಲಿತ್ತು, ಊರಿನವರು ಬನ್ನಿ ಅಂದರು.

ಕೆಂಪುಮಣ್ಣು:
ಇಲ್ಲಿ ಒಂದು ಮಾತು ಹೇಳಲೇಬೇಕು. ಇದನ್ನು ಎಲ್ಲರೂ "ದಂಗೆ" ಅಂತಲೇ ಬರೆಯುತ್ತಾರೆ. ನನಗೆ ಅದು ನೋವಾಗುತ್ತದೆ. ನಮ್ಮಪ್ಪ ಒಂದು ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಮಿಲ್ಲು ನಿಲ್ಲಿಸುವಾಗ ಏಳು ತಿಂಗಳ ಸಂಬಳ ಬಾಕಿ ಇಟ್ಟರು. ಅಪ್ಪ, ಅವರ ಜೊತೆಯವರು ಗೇಟಿನ ಮುಂದೆ ಹೋಗಿ ಕೂತರು. ಮರುದಿನ ಎಲ್ಲರ ಬಾಯಲ್ಲೂ ಗಲಾಟೆ ಮಾಡಿದವರು ಅನ್ನೋ ಮಾತೇ. ನಾನಾಗ ಆರನೇ ಕ್ಲಾಸು. ಗೇಟಿನ ಹತ್ತಿರ ಅಪ್ಪನಿಗೆ ಬುತ್ತಿ ಕೊಟ್ಟು ಬರುತ್ತಿದ್ದೆ. ಅಲ್ಲಿ ಯಾರೂ ಕಲ್ಲು ಎಸೆದದ್ದು ನಾನು ನೋಡಲಿಲ್ಲ.

ಈ ಸೈನಿಕರೂ ಹಾಗೇ ಅಲ್ವಾ? ವರ್ಷಗಟ್ಟಲೆ ಯುದ್ಧ ಮಾಡಿದವರು. ಇನ್ನು ನೀವು ಮನೆಗೆ ಹೋಗಿ, ದುಡ್ಡು ಆಮೇಲೆ ನೋಡೋಣ ಅಂದರೆ ಯಾರು ಸುಮ್ನೆ ಹೋಗುತ್ತಾರೆ? ಡಿಕಿನ್ಸನ್ ಪಡೆ ಕರೆಸದೆ ಇದ್ದದ್ದೇ ಸರಿ. ಕರೆಸಿದ್ದರೆ ಆ ದಿನ ರಕ್ತ ಹರಿಯುತ್ತಿತ್ತು.

ಹಳೇನಕ್ಷೆ:
ಕೆಂಪುಮಣ್ಣು ಅವರೇ, ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ಬಂದೂಕು ಹಿಡಿದು ಬಂದಿದ್ದರು ಅನ್ನೋ ಒಂದು ವ್ಯತ್ಯಾಸ ಇದೆ. ಸದಸ್ಯರಿಗೆ ಭಯ ಆದದ್ದೂ ಸುಳ್ಳಲ್ಲ. ಆದರೂ ಬೇಡಿಕೆ ನ್ಯಾಯವಾದದ್ದು ಅನ್ನೋದರಲ್ಲಿ ಎರಡು ಮಾತಿಲ್ಲ. ಆಮೇಲೆ ವಿಚಾರಣೆ ಮಾಡಿ ಇಬ್ಬರು ಸಾರ್ಜೆಂಟರಿಗೆ ಮರಣದಂಡನೆ ಹಾಕಿದರು. ಕೊನೆಗೆ ಕಾಂಗ್ರೆಸ್ಸೇ ಕ್ಷಮಿಸಿತು.

ಈ ಬಾಕಿ ಸಂಬಳ ಮುಂದೆ ಇನ್ನೊಂದು ಸಲ ಬರುತ್ತದೆ, 1790ರಲ್ಲಿ. ಅಲ್ಲಿಗೆ ಹೋಗುವಾಗ ಹೇಳುತ್ತೇನೆ. ನನ್ನ ಪ್ರಕಾರ ಇಡೀ ಕಥೆಯ ಗಂಟು ಅದೇ.

ನದಿದಂಡೆ:
ಇವತ್ತು ರಾತ್ರಿ ಊಟ ಆದಮೇಲೆ ಇಲ್ಲಿಯವರೆಗೆ ಅಪ್ಪನಿಗೆ ಓದಿದೆ. ಎರಡು ಸಲ ಓದಿಸಿಕೊಂಡರು. ಆಮೇಲೆ ನಾನೂ ಪ್ರಿನ್ಸ್‌ಟನ್ ದಿನಗಳ ಬಗ್ಗೆ ಹುಡುಕಿ ಓದಿದೆ. ಊರು ಎಷ್ಟು ಚಿಕ್ಕದು ಅಂದರೆ ಸದಸ್ಯರಿಗೆ ಉಳಿಯೋಕೆ ಜಾಗ ಸಿಗಲಿಲ್ಲ. ಜೇಮ್ಸ್ ಮ್ಯಾಡಿಸನ್, ಮುಂದೆ ಈ ದೇಶದ ನಾಲ್ಕನೇ ಅಧ್ಯಕ್ಷ ಆದವನು, ಹತ್ತಡಿ ಚೌಕವೂ ಇಲ್ಲದ ಕೋಣೆಯಲ್ಲಿ ಇನ್ನೊಬ್ಬ ಸದಸ್ಯನ ಜೊತೆ ಒಂದೇ ಮಂಚದಲ್ಲಿ ಮಲಗಬೇಕಾಗಿತ್ತು. ಮೇಜು ಹಾಕೋಕೂ ಜಾಗ ಇಲ್ಲ ಅಂತ ಬೇಸರಪಟ್ಟುಕೊಂಡಿದ್ದಾನೆ. ನಾನು ಇಲ್ಲಿಗೆ ಮೊದಲು ಬಂದಾಗ ನಾಲ್ಕು ಜನ ಒಂದು ರೂಮಿನಲ್ಲಿದ್ದೆವು, ಅದು ನೆನಪಾಯಿತು.

ಆ ನಸಾವ್ ಹಾಲ್‌ನಲ್ಲೇ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ನನ್ನು ಕರೆದು ಕೃತಜ್ಞತೆ ಹೇಳಿದರು. ಅಕ್ಟೋಬರ್ ಕೊನೆಯಲ್ಲಿ ಹಾಲೆಂಡಿನ ರಾಯಭಾರಿಯನ್ನು ಬರಮಾಡಿಕೊಂಡರು. ನಾವು ಮೊನ್ನೆ ಆ ಮೆಟ್ಟಿಲ ಮೇಲೆ ಕೂತು ಚಪಾತಿ ತಿಂದಿದ್ದೆವು. ಅಮ್ಮನಿಗೆ ಈಗ ಅದನ್ನು ನೆನೆಸಿಕೊಂಡರೆ ಏನೋ ಸಂಕೋಚ.

ಗಂಜಾಂಹುಡುಗ:
ಫಿಲಡೆಲ್ಫಿಯಾ ಮಾತು ಬಂತಲ್ಲ, ಶ್ರೀರಂಗಪಟ್ಟಣದ ಕಡೆಯವನಾಗಿ ನಾನೊಂದು ಸೇರಿಸುತ್ತೇನೆ. 1782ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಫಿಲಡೆಲ್ಫಿಯಾದಲ್ಲಿ ಒಂದು ಹಡಗು ಸಜ್ಜು ಮಾಡಿತು. ಡೆಲವೇರ್ ಕೊಲ್ಲಿಯಲ್ಲಿ ವ್ಯಾಪಾರದ ಹಡಗುಗಳಿಗೆ ಬೆಂಗಾವಲು ಬೇಕಿತ್ತು. ಆ ಹಡಗಿನ ಹೆಸರು "ಹೈದರ್ ಅಲಿ". ನಮ್ಮ ಹೈದರಾಲಿಯೇ! ಅದೇ ಸಮಯದಲ್ಲಿ ಇಲ್ಲಿ ಅವನು ಅದೇ ಬ್ರಿಟಿಷರ ಜೊತೆ ಎರಡನೇ ಮೈಸೂರು ಯುದ್ಧ ಮಾಡುತ್ತಿದ್ದ. ಶತ್ರುವಿನ ಶತ್ರು ಅಂತ ಅವನ ಹೆಸರು ಅಲ್ಲಿಯವರೆಗೂ ಹೋಗಿತ್ತು.

ಕ್ಯಾಪ್ಟನ್ ಜೋಶುವಾ ಬಾರ್ನಿ, 22 ವರ್ಷದವನು. 1782ರ ಏಪ್ರಿಲ್ 8ರಂದು ಕೇಪ್ ಮೇ ಹತ್ತಿರ ತನಗಿಂತ ಜಾಸ್ತಿ ಫಿರಂಗಿ ಇದ್ದ "ಜನರಲ್ ಮಾಂಕ್" ಅನ್ನುವ ಬ್ರಿಟಿಷ್ ಹಡಗನ್ನು ಅರ್ಧ ಗಂಟೆಯೊಳಗೆ ಹಿಡಿದುಬಿಟ್ಟ. ಈ ಬಾರ್ನಿ ಹೆಸರು ನೆನಪಿಟ್ಟುಕೊಳ್ಳಿ. ಕೊನೆಗೆ ಮತ್ತೆ ಬರುತ್ತಾನೆ.

ತುಂಗೆತೀರ:
ಇದು ನನಗೆ ಹೊಸದು! ಮೈಸೂರಿನಲ್ಲೇ ಓದಿದವನು ನಾನು, ಯಾವತ್ತೂ ಕೇಳಿರಲಿಲ್ಲ. ಥ್ಯಾಂಕ್ಸ್ ಅಣ್ಣ.

ಹಳೇನಕ್ಷೆ:
ಪ್ರಿನ್ಸ್‌ಟನ್‌ನಲ್ಲಿ ಇದ್ದಾಗಲೇ ಖಾಯಂ ಜಾಗದ ಜಗಳ ಶುರುವಾಯಿತು. ಉತ್ತರದವರಿಗೆ ಡೆಲವೇರ್ ನದಿ ಬೇಕು, ದಕ್ಷಿಣದವರಿಗೆ ಈಗ ವಾಷಿಂಗ್ಟನ್ ನಗರ ಇರುವ ಪೊಟೋಮ್ಯಾಕ್ ನದಿ ಬೇಕು. ಅಕ್ಟೋಬರಿನಲ್ಲಿ ಎರಡು ರಾಜಧಾನಿ ಕಟ್ಟೋಣ ಅಂತ ತೀರ್ಮಾನಿಸಿದರು! ಒಂದು ಟ್ರೆಂಟನ್ ಹತ್ತಿರ, ಇನ್ನೊಂದು ಜಾರ್ಜ್‌ಟೌನ್ ಹತ್ತಿರ. ಕಟ್ಟುವವರೆಗೆ ಅನ್ನಾಪೊಲಿಸ್‌ನಲ್ಲಿ ಸ್ವಲ್ಪ ದಿನ, ಟ್ರೆಂಟನ್‌ನಲ್ಲಿ ಸ್ವಲ್ಪ ದಿನ. ಆಗಸ್ಟ್‌ನಲ್ಲಷ್ಟೇ ವಾಷಿಂಗ್ಟನ್‌ಗೆ ಕುದುರೆ ಸವಾರಿಯ ಕಂಚಿನ ಪ್ರತಿಮೆ ಮಾಡಿಸಬೇಕು ಅಂತ ನಿರ್ಣಯ ಆಗಿತ್ತು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ್ದ ಫ್ರಾನ್ಸಿಸ್ ಹಾಪ್ಕಿನ್ಸನ್ ಪತ್ರಿಕೆಗೆ ಬರೆದ: ಆ ಪ್ರತಿಮೆಗೆ ಚಕ್ರ ಹಾಕಿಸಿ, ಕಾಂಗ್ರೆಸ್ ಹೋದಲ್ಲೆಲ್ಲ ಎಳೆದುಕೊಂಡು ಹೋಗಬಹುದು ಅಂತ.

ಅನ್ನಾಪೊಲಿಸ್ ಬಗ್ಗೆ ನನಗೆ ವಿಶೇಷ ಪ್ರೀತಿ. ಅಲ್ಲಿನ ಸ್ಟೇಟ್ ಹೌಸ್ ಇವತ್ತಿಗೂ ಇದೆ, ಇವತ್ತಿಗೂ ಮೇರಿಲ್ಯಾಂಡ್ ಶಾಸಕರು ಅಲ್ಲೇ ಸೇರುತ್ತಾರೆ. 1783ರ ಡಿಸೆಂಬರ್ 23ರಂದು ವಾಷಿಂಗ್ಟನ್ ಆ ಹಳೇ ಸಭಾಂಗಣಕ್ಕೆ ಬಂದು ಸೇನಾಪತಿ ಪದವಿಗೆ ರಾಜೀನಾಮೆ ಕೊಟ್ಟ. ಅವತ್ತು ಎದುರಿಗೆ ಇದ್ದ ಸದಸ್ಯರು ಬರೀ ಇಪ್ಪತ್ತು ಚಿಲ್ಲರೆ ಜನ. ಇಡೀ ಸೈನ್ಯ ಅವನ ಮಾತು ಕೇಳುತ್ತಿತ್ತು, ಈ ಸಭೆಯನ್ನೋ ಯಾವ ಊರೂ ಇಟ್ಟುಕೊಂಡಿರಲಿಲ್ಲ. ಅಂಥ ಸಭೆಯ ಮುಂದೆ ಅವನು ಎದ್ದು ನಿಂತು ತಲೆ ಬಾಗಿಸಿದ.

ಮುಂದಿನ ತಿಂಗಳು ಬ್ರಿಟನ್ ಜೊತೆಗಿನ ಶಾಂತಿ ಒಪ್ಪಂದ ಅನುಮೋದಿಸಬೇಕು. ಅದಕ್ಕೆ ಒಂಬತ್ತು ರಾಜ್ಯ ಹಾಜರಿರಬೇಕು. ಏಳೇ ಇದ್ದವು. ಗಡುವು ಹತ್ತಿರ ಬರುತ್ತಿದೆ, ಕಾಗದ ಹಡಗಿನಲ್ಲಿ ಅಟ್ಲಾಂಟಿಕ್ ದಾಟಬೇಕು. ಕೊನೆಗೆ ಕನೆಕ್ಟಿಕಟ್‌ನವರು ಬಂದರು. ದಕ್ಷಿಣ ಕೆರೊಲಿನಾದ ಒಬ್ಬ ಸದಸ್ಯ ಫಿಲಡೆಲ್ಫಿಯಾದಲ್ಲಿ ಕಾಯಿಲೆ ಬಿದ್ದಿದ್ದ, ಅವನೂ ಎದ್ದು ಬಂದ. 1784ರ ಜನವರಿ 14ರಂದು ಅನುಮೋದನೆ ಆಯಿತು. ಕಾನೂನಿನ ಪ್ರಕಾರ ಯುದ್ಧ ಮುಗಿದದ್ದು ಆ ರೋಗಿಷ್ಟ ಮನುಷ್ಯ ಚಳಿಯಲ್ಲಿ ಬಂದು ಕೂತಿದ್ದರಿಂದ.

ಟ್ರೆಂಟನ್‌ನಲ್ಲಿ ಎರಡು ತಿಂಗಳೂ ಇರಲಿಲ್ಲ. ಫ್ರೆಂಚ್ ಆರ್ಮ್ಸ್ ಎಂಬ ಛತ್ರದಂಥ ಕಟ್ಟಡದಲ್ಲಿ ಸೇರಿ, 1784ರ ಡಿಸೆಂಬರ್ 24ಕ್ಕೆ ಮುಗಿಸಿ ನ್ಯೂಯಾರ್ಕ್‌ಗೆ ಹೊರಟರು. ಎರಡು ರಾಜಧಾನಿಯ ಯೋಜನೆ ಅಲ್ಲಿಗೇ ನಿಂತುಹೋಯಿತು. ನ್ಯೂಯಾರ್ಕ್‌ನಲ್ಲಿ 1785ರಿಂದ 1790ರವರೆಗೆ ಇದ್ದರು. 1789ರ ಏಪ್ರಿಲ್ 30ರಂದು ವಾಷಿಂಗ್ಟನ್ ಅಧ್ಯಕ್ಷನಾಗಿ ಪ್ರಮಾಣ ಮಾಡಿದ್ದು ಅಲ್ಲಿನ ಫೆಡರಲ್ ಹಾಲ್ ಮಹಡಿಯ ಮೇಲೆ. ಅದಕ್ಕೆ ಮುಂಚೆ, ಆಯ್ಕೆಯಾದ ಸುದ್ದಿಯನ್ನು ಅವನ ಮನೆಗೆ ಹೋಗಿ ಮುಟ್ಟಿಸಿ, ಜೊತೆಯಲ್ಲಿ ಕರೆತಂದವನು ನಮ್ಮ ಚಾರ್ಲ್ಸ್ ಥಾಮ್ಸನ್. ಹದಿನೈದು ವರ್ಷ ಪೆಟ್ಟಿಗೆ ಹೊತ್ತವನಿಗೆ ಹೊಸ ಸರ್ಕಾರದಲ್ಲಿ ಕೆಲಸ ಸಿಗಲಿಲ್ಲ. ಅದೇ ಬೇಸಿಗೆ ಪುಸ್ತಕ, ಮೊಹರು ಒಪ್ಪಿಸಿ ಮನೆಗೆ ಹೋದ.

ತುಂಗೆತೀರ:
ಹಾಗಾದರೆ ಪೊಟೋಮ್ಯಾಕ್ ಗೆದ್ದದ್ದು ಹೇಗೆ? ಒಂದು ಊಟದಲ್ಲಿ ಮಾತುಕತೆ ಆಗಿ ತೀರ್ಮಾನ ಆಯಿತು ಅಂತ ಕೇಳಿದ್ದೇನೆ.

ಹಳೇನಕ್ಷೆ:
1787ರಲ್ಲಿ ಸಂವಿಧಾನ ಬರೆಯುವಾಗ ಒಂದು ಸಾಲು ಸೇರಿಸಿದ್ದರು. ಹತ್ತು ಮೈಲಿ ಚೌಕ ಮೀರದ ಒಂದು ಜಿಲ್ಲೆ, ಅದರ ಮೇಲೆ ಪೂರ್ತಿ ಅಧಿಕಾರ ಕಾಂಗ್ರೆಸ್ಸಿನದ್ದೇ. ಯಾವ ರಾಜ್ಯದ ಹಂಗೂ ಬೇಡ ಅಂತ. ಆ ಸಾಲಿನ ಹಿಂದೆ 1783ರ ಆ ಶನಿವಾರ ಇದೆ. ಆದರೆ ಆ ಚೌಕ ಎಲ್ಲಿ ಅಂತ ಬರೆಯಲಿಲ್ಲ.

1790ರಲ್ಲಿ ಹ್ಯಾಮಿಲ್ಟನ್ ಖಜಾನೆ ಮಂತ್ರಿ. ಯುದ್ಧದ ಸಾಲವನ್ನೆಲ್ಲ ಕೇಂದ್ರವೇ ತೀರಿಸಬೇಕು, ರಾಜ್ಯಗಳ ಸಾಲವನ್ನೂ ಕೇಂದ್ರವೇ ವಹಿಸಿಕೊಳ್ಳಬೇಕು ಅನ್ನೋದು ಅವನ ಯೋಜನೆ. ಏಪ್ರಿಲ್‌ನಲ್ಲಿ ಅದು 31ಕ್ಕೆ 29 ಮತದಿಂದ ಬಿದ್ದುಹೋಯಿತು. ಜೂನ್‌ನಲ್ಲಿ ನ್ಯೂಯಾರ್ಕ್‌ನ ಮೇಡನ್ ಲೇನ್‌ನಲ್ಲಿದ್ದ ಥಾಮಸ್ ಜೆಫರ್ಸನ್ ಮನೆಯಲ್ಲಿ ಜೆಫರ್ಸನ್, ಹ್ಯಾಮಿಲ್ಟನ್, ಮ್ಯಾಡಿಸನ್ ಊಟಕ್ಕೆ ಕೂತರು. ಸಾಲದ ಮಸೂದೆಗೆ ದಕ್ಷಿಣದ ಕೆಲವರು ಅಡ್ಡ ಬರೋದಿಲ್ಲ, ಬದಲಿಗೆ ರಾಜಧಾನಿ ಪೊಟೋಮ್ಯಾಕ್‌ಗೆ ಬರಲಿ, ಹತ್ತು ವರ್ಷ ಫಿಲಡೆಲ್ಫಿಯಾದಲ್ಲಿ ಇರಲಿ. ಇದು ಆ ರಾತ್ರಿಯ ಒಪ್ಪಂದ. ರಾಜಧಾನಿ ಮಸೂದೆ ಕೆಳಮನೆಯಲ್ಲಿ 32ಕ್ಕೆ 29 ಮತದಿಂದ ಗೆದ್ದಿತು. ಜುಲೈ 16ಕ್ಕೆ ವಾಷಿಂಗ್ಟನ್ ಸಹಿ ಬಿತ್ತು.

ಈಗ ಕೆಂಪುಮಣ್ಣು ಅವರಿಗೆ ಕೊಟ್ಟ ಮಾತು. ಸೈನಿಕರಿಗೆ ಸಂಬಳದ ಬದಲು ಚೀಟಿ ಕೊಟ್ಟಿದ್ದರು. ಹೊಟ್ಟೆಪಾಡಿಗೆ ಅವರು ಅದನ್ನು ಸಿಕ್ಕಷ್ಟಕ್ಕೆ ಮಾರಿಕೊಂಡಿದ್ದರು. 1790ರ ಯೋಜನೆಯಲ್ಲಿ ಆ ಚೀಟಿಗೆ ಬೆಲೆ ಬಂತು. ಆದರೆ ಹಣ ಸಿಕ್ಕಿದ್ದು ಚೀಟಿ ಕೊಂಡಿಟ್ಟುಕೊಂಡಿದ್ದವರಿಗೆ. ಯುದ್ಧ ಮಾಡಿದವರಿಗೂ ಒಂದು ಪಾಲು ಕೊಡಿ ಅಂತ ಮ್ಯಾಡಿಸನ್ ಕೇಳಿದ. ಆ ಸಲಹೆ ಭಾರಿ ಅಂತರದಲ್ಲಿ ಸೋತಿತು. ಸಂಬಳ ಕೊಡದೆ ಇದ್ದದ್ದಕ್ಕೆ ರಾಜಧಾನಿ ಫಿಲಡೆಲ್ಫಿಯಾ ಬಿಟ್ಟಿತು. ಅದೇ ಸಂಬಳದ ಸಾಲದ ಲೆಕ್ಕ ಮುಗಿಸುವಾಗ ಪೊಟೋಮ್ಯಾಕ್ ದಡಕ್ಕೆ ಹೋಗಿ ನಿಂತಿತು. ನಡುವೆ ಸೈನಿಕನ ಕೈ ಮಾತ್ರ ಖಾಲಿ.

ಬೆಟ್ಟದಹೂ:
ಒಂದು ತಿದ್ದುಪಡಿ ಸರ್, ತಪ್ಪು ತಿಳಿಯಬೇಡಿ. ಊಟದ ಮನೆಯಲ್ಲಿ ಚರ್ಚೆ ಆದದ್ದು ರಾಜ್ಯಗಳ ಸಾಲದ ಬಗ್ಗೆ. ಸೈನಿಕರ ಚೀಟಿ ಮುಖ್ಯವಾಗಿ ಕೇಂದ್ರದ ಸಾಲ, ಮ್ಯಾಡಿಸನ್ ಸಲಹೆ ಸೋತದ್ದು ಫೆಬ್ರವರಿಯಲ್ಲೇ. ಎರಡೂ ಒಂದೇ ಯೋಜನೆಯ ಭಾಗ ನಿಜ, ಆದರೆ ಬೇರೆ ಬೇರೆ ಗಂಟು. ಜೊತೆಗೆ ಆ ಊಟದ ಕಥೆ ನಮಗೆ ಸಿಕ್ಕಿರೋದು ಜೆಫರ್ಸನ್ ಆಮೇಲೆ ಬರೆದಿಟ್ಟ ಟಿಪ್ಪಣಿಯಿಂದ. ಪೆನ್ಸಿಲ್ವೇನಿಯಾದವರು, ವರ್ಜೀನಿಯಾದವರು ಅದಕ್ಕೆ ಮುಂಚೆಯೇ ಮಾತಾಡಿಕೊಳ್ಳುತ್ತಿದ್ದರು. ಒಂದೇ ಊಟದಲ್ಲಿ ಎಲ್ಲ ಆಯಿತು ಅನ್ನೋದು ಕಷ್ಟ.

ಹಳೇನಕ್ಷೆ:
ಸರಿಯಾಗಿ ಹೇಳಿದಿರಿ ಮೇಡಂ. ನಾನು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ತಿದ್ದಿಕೊಂಡೆ.

ಬೆಟ್ಟದಹೂ:
ನಾನಿರೋದು ಫಿಲಡೆಲ್ಫಿಯಾದಲ್ಲೇ. ಆ ಹತ್ತು ವರ್ಷದ ಬಗ್ಗೆ, ಅಂದರೆ 1790ರಿಂದ 1800ರವರೆಗೆ, ನಾನು ಹೇಳುತ್ತೇನೆ. 1793ರಲ್ಲಿ ಹಳದಿ ಜ್ವರ ಬಂದು ಸುಮಾರು 5,000 ಜನ ಸತ್ತರು. ಆಗ ಊರಿನ ಜನಸಂಖ್ಯೆಯೇ 50,000 ಆಸುಪಾಸು. ಸರ್ಕಾರ ಊರು ಬಿಟ್ಟಿತು, ಅಧ್ಯಕ್ಷ ಪಕ್ಕದ ಜರ್ಮನ್‌ಟೌನ್‌ಗೆ ಹೋಗಿದ್ದ.

ಆದರೆ ನಾನು ಹೇಳಬೇಕೆಂದಿರೋದು ಬೇರೆ. ಆರನೇ ಬೀದಿ ಮತ್ತು ಮಾರ್ಕೆಟ್ ಬೀದಿ ಸೇರುವಲ್ಲಿ ಅಧ್ಯಕ್ಷರ ಮನೆ ಇತ್ತು. ಈಗ ಬರೀ ಜಾಗ ಇದೆ. ಅಗೆದಾಗ ಸಿಕ್ಕ ಅಡಿಪಾಯದ ಕಲ್ಲುಗಳನ್ನು ಗಾಜಿನ ಮೂಲಕ ನೋಡಬಹುದು. ಆ ಮನೆಯಲ್ಲಿ ವಾಷಿಂಗ್ಟನ್ ಒಂಬತ್ತು ಜನ ಗುಲಾಮರನ್ನು ಇಟ್ಟುಕೊಂಡಿದ್ದ. ಪೆನ್ಸಿಲ್ವೇನಿಯಾದಲ್ಲಿ 1780ರಲ್ಲೇ ಒಂದು ಕಾನೂನು ಬಂದಿತ್ತು. ಹೊರಗಿನಿಂದ ಕರೆತಂದ ಗುಲಾಮ ಆರು ತಿಂಗಳು ಅಲ್ಲಿ ಇದ್ದರೆ ಸ್ವತಂತ್ರ. ಆ ಆರು ತಿಂಗಳು ತುಂಬದ ಹಾಗೆ ಅವರನ್ನು ರಾಜ್ಯದಿಂದ ಹೊರಗೆ ಕಳಿಸಿ ಮತ್ತೆ ಕರೆಸುತ್ತಿದ್ದರು. ರಾಜಧಾನಿ ಯಾವ ರಾಜ್ಯದಲ್ಲಿದೆ ಅನ್ನೋದು ಆ ಒಂಬತ್ತು ಜನರ ಬದುಕಿನ ಪ್ರಶ್ನೆ ಆಗಿತ್ತು.

ಓನಾ ಜಡ್ಜ್ ಅನ್ನುವ ಹುಡುಗಿ 1796ರ ಮೇ ತಿಂಗಳಲ್ಲಿ, ಯಜಮಾನರು ಊಟ ಮಾಡುತ್ತಿದ್ದಾಗ ಆ ಮನೆಯಿಂದ ಹೊರಗೆ ನಡೆದುಬಿಟ್ಟಳು. ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರ್ ಸೇರಿದಳು. ವಾಷಿಂಗ್ಟನ್ ಜನ ಬಿಟ್ಟು ಹುಡುಕಿಸಿದ. ಅವಳು ವಾಪಸ್ ಬರಲಿಲ್ಲ. 1848ರವರೆಗೆ ಬದುಕಿದ್ದಳು. ಅನ್ನಾಪೊಲಿಸ್‌ನಲ್ಲಿ ತಲೆ ಬಾಗಿಸಿದ್ದನ್ನು ನೀವು ಪ್ರೀತಿಯಿಂದ ಬರೆದಿರಿ ಸರ್, ಅದು ನಿಜ. ಇದೂ ಅದೇ ಮನುಷ್ಯನದ್ದು. ಹೊಸ ರಾಜಧಾನಿಯಲ್ಲಿ ಕಾಂಗ್ರೆಸ್ ಸೇರುವ ಕ್ಯಾಪಿಟಲ್ ಕಟ್ಟಡ, ಈಗ ವೈಟ್ ಹೌಸ್ ಅನ್ನುವ ಅಧ್ಯಕ್ಷರ ಅರಮನೆ ಕಟ್ಟುವಾಗಲೂ ಗುಲಾಮರು ಕಲ್ಲು ಹೊತ್ತರು, ಕೂಲಿ ಅವರ ಒಡೆಯರಿಗೆ ಹೋಯಿತು.

ಕೆಂಪುಮಣ್ಣು:
ಇದನ್ನು ಬರೆದದ್ದಕ್ಕೆ ಧನ್ಯವಾದ ಅಕ್ಕ.

ಹಳೇನಕ್ಷೆ:
ಮೇಡಂ ಹೇಳಿದ್ದು ಈ ಕಥೆಯಲ್ಲಿ ಇರಲೇಬೇಕಾದದ್ದು.

ಹೊಸ ಊರಿನ ಕೆಲಸವೂ ದುಡ್ಡಿಲ್ಲದೆ ತೆವಳಿತು. ಸೈಟು ಮಾರಿ ಅದರ ಹಣದಲ್ಲಿ ಕಟ್ಟೋಣ ಅಂದುಕೊಂಡಿದ್ದರು. 1791ರ ಅಕ್ಟೋಬರಿನ ಮೊದಲ ಹರಾಜಿನಲ್ಲಿ ಹೋದದ್ದು 35 ಸೈಟು. ನಕ್ಷೆ ಹಾಕಿದ ಪಿಯರ್ ಲಾಂಫಾನ್ ಎಲ್ಲರ ಜೊತೆ ಜಗಳ ಮಾಡಿಕೊಂಡು 1792ರಲ್ಲಿ ಹೊರಗೆ ಹೋದ. 1800ರಲ್ಲಿ ಸರ್ಕಾರ ಅಲ್ಲಿಗೆ ಬಂದಾಗ ಗುಮಾಸ್ತರು ಸುಮಾರು 130 ಜನ. ನವೆಂಬರಿನಲ್ಲಿ ಅಧ್ಯಕ್ಷರ ಹೆಂಡತಿ ಅಬಿಗೈಲ್ ಆಡಮ್ಸ್ ಬಾಲ್ಟಿಮೋರ್‌ನಿಂದ ಬರುವಾಗ ಕಾಡಿನಲ್ಲಿ ದಾರಿ ತಪ್ಪಿದರು. ಮನೆ ಇನ್ನೂ ಮುಗಿದಿರಲಿಲ್ಲ. ಈಗ ಗಣ್ಯರ ಔತಣ ನಡೆಯುವ ಪೂರ್ವದ ದೊಡ್ಡ ಕೋಣೆಯಲ್ಲಿ ಅವರು ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರು.

ಗಂಜಾಂಹುಡುಗ:
ಈಗ ಬಾರ್ನಿ. ಆಗ ಬ್ರಿಟನ್ ಜೊತೆ ಮತ್ತೆ ಯುದ್ಧ ನಡೆಯುತ್ತಿತ್ತು. 1814ರ ಆಗಸ್ಟ್ 24, ಬ್ರಿಟಿಷರು ವಾಷಿಂಗ್ಟನ್ ನಗರದ ಮೇಲೆ ಬಂದರು. ಊರಿನ ಹೊರಗೆ ಬ್ಲೇಡನ್ಸ್‌ಬರ್ಗ್‌ನಲ್ಲಿ ತಡೆಯೋಕೆ ನಿಂತ ಜನಪಡೆ ರಾಕೆಟ್ಟುಗಳಿಗೆ ಬೆದರಿ ಓಡಿತು. ಅವು ಕಾಂಗ್ರೀವ್ ರಾಕೆಟ್ಟುಗಳು. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ ಬ್ರಿಟಿಷರು ಹೊತ್ತುಕೊಂಡು ಹೋದ ಮೈಸೂರು ರಾಕೆಟ್ಟುಗಳನ್ನು ನೋಡಿ ವಿಲಿಯಂ ಕಾಂಗ್ರೀವ್ ಇಂಗ್ಲೆಂಡಿನಲ್ಲಿ ಮಾಡಿದವು. ಅವತ್ತು ಕೊನೆಯವರೆಗೆ ನಿಂತವರು ನಾವಿಕರು. ಅವರ ನಾಯಕ ಜೋಶುವಾ ಬಾರ್ನಿ, ಈಗ 55 ವರ್ಷ. ತೊಡೆಗೆ ಗುಂಡು ತಗುಲಿ ಸೆರೆ ಸಿಕ್ಕಿದ. ಹೈದರಾಲಿ ಹೆಸರಿನ ಹಡಗಿನಲ್ಲಿ ಗೆದ್ದವನು, ಹೈದರಾಲಿ ಮನೆಯ ರಾಕೆಟ್ಟಿನ ಎದುರು ಬಿದ್ದ. ಇದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಹಳೇನಕ್ಷೆ:
ಎಂಥಾ ವಿಷಯ ಜೋಡಿಸಿದಿರಿ! ಆ ರಾತ್ರಿ ಕ್ಯಾಪಿಟಲ್, ಅಧ್ಯಕ್ಷರ ಮನೆ ಎರಡೂ ಉರಿದವು. ಬೆಂಕಿಗೆ ಮುಂಚೆ ಸ್ಟೀಫನ್ ಪ್ಲೆಸೆಂಟನ್ ಎಂಬ ಗುಮಾಸ್ತ ನಾರುಬಟ್ಟೆಯ ಚೀಲ ಹೊಲಿಸಿ, ಸ್ವಾತಂತ್ರ್ಯ ಘೋಷಣೆಯನ್ನೂ ಸಂವಿಧಾನವನ್ನೂ ತುಂಬಿ, ಗಾಡಿಯಲ್ಲಿ ವರ್ಜೀನಿಯಾದ ಲೀಸ್‌ಬರ್ಗ್‌ಗೆ ಸಾಗಿಸಿದ. ಮತ್ತೆ ಥಾಮ್ಸನ್ ಪೆಟ್ಟಿಗೆಯ ಥರವೇ. ಕಾಂಗ್ರೆಸ್ ವಾಪಸ್ ಬಂದು ಉಳಿದಿದ್ದ ಪೇಟೆಂಟ್ ಕಚೇರಿಯಲ್ಲಿ ಕೂತಿತು. ರಾಜಧಾನಿ ಬೇರೆ ಕಡೆಗೆ ಒಯ್ಯೋಣ ಅನ್ನೋ ಮಾತು ಅಲ್ಲೇ ಎದ್ದಿತು. 83ಕ್ಕೆ 74 ಮತದಿಂದ ಬೇಡ ಅಂತಾಯಿತು. ಒಂಬತ್ತು ಮತದ ವ್ಯತ್ಯಾಸ ಅಷ್ಟೇ.

ನದಿದಂಡೆ:
ಪೂರ್ತಿ ಓದಿ ಮುಗಿಸಿದೆವು. ಓನಾ ಜಡ್ಜ್ ಬಗ್ಗೆ ಓದುವಾಗ ಅಮ್ಮ ಒಗ್ಗರಣೆ ಹಾಕುತ್ತಿದ್ದವರು ಒಲೆ ಆರಿಸಿ ಬಂದು ಕೂತರು. ಅಪ್ಪ ಹಳೇ ಡೈರಿಯಲ್ಲಿ ಒಂಬತ್ತು ಊರಿನ ಹೆಸರು ಬರೆದುಕೊಂಡು ಪ್ರಿನ್ಸ್‌ಟನ್ ಮುಂದೆ ಟಿಕ್ ಹಾಕಿದ್ದಾರೆ. ಮುಂದಿನ ಶನಿವಾರ ಫಿಲಡೆಲ್ಫಿಯಾಗೆ ಹೋಗೋದು, ಬೆಟ್ಟದಹೂ ಅವರು ಹೇಳಿದ ಆ ಮೂಲೆ ನೋಡಲೇಬೇಕು ಅಂತ ಅಮ್ಮನ ಹಟ. ಲ್ಯಾಂಕಾಸ್ಟರ್, ಯಾರ್ಕ್‌ನಲ್ಲಿ ನೋಡೋಕೆ ಏನಾದರೂ ಉಳಿದಿದೆಯಾ ಸರ್?

ಹಳೇನಕ್ಷೆ:
ಲ್ಯಾಂಕಾಸ್ಟರ್‌ನ ಆ ಕೋರ್ಟು ಕಟ್ಟಡ 1784ರಲ್ಲೇ ಸುಟ್ಟುಹೋಯಿತು. ಅದಿದ್ದ ಚೌಕದಲ್ಲಿ ಈಗ ಸೈನಿಕರ ಸ್ಮಾರಕ ಇದೆ. ಯಾರ್ಕ್‌ನಲ್ಲಿ ಹಳೇ ಕೋರ್ಟಿನ ಹಾಗೇ ಹೊಸದಾಗಿ ಕಟ್ಟಿಟ್ಟಿದ್ದಾರೆ, ಕಾಡೋರಸ್ ಹೊಳೆ ಪಕ್ಕದಲ್ಲಿ. ಹೊರಡುವ ಮುಂಚೆ ತೆರೆದಿರುವ ದಿನ ನೋಡಿಕೊಳ್ಳಿ. ಫಿಲಡೆಲ್ಫಿಯಾದಿಂದ ಪಶ್ಚಿಮಕ್ಕೆ ಹೋದರೆ ಲ್ಯಾಂಕಾಸ್ಟರ್ ಮೊದಲು ಸಿಗುತ್ತದೆ, ಆಮೇಲೆ ಸಸ್ಕ್ವೆಹಾನಾ ದಾಟಬೇಕು. ಸೇತುವೆ ಮೇಲೆ ಹೋಗುವಾಗ ನದಿ ಎಷ್ಟು ಅಗಲ ಅಂತ ನಿಮ್ಮ ತಂದೆಯವರಿಗೆ ತೋರಿಸಿ. ಅವರು ಯಾಕೆ ದಾಟಿದರು ಅಂತ ನೀವು ಹೇಳೋದೇ ಬೇಕಾಗಿಲ್ಲ.